ಸಿದ್ದಲಿಂಗೇಶನ ಸಾಲು

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೂ ಮೊದಲೇ ಕುರುಗೋಡು ಠಾಣೆಗೆ ದೂರು ಬಂತು. ಭಾನುವಾರ ಯಾರೋ ಹತ್ತನೇ ತರಗತಿಯ ಕೋಣೆಯ ಬೀಗ ಒಡೆದಿದ್ದಾರೆ, ಒಂದು ಕನ್ನಡ ಪಠ್ಯಪುಸ್ತಕ ಹೋಗಿದೆ ಎಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಗಿರಿಜಾಬಾಯಿ ಬರೆದುಕೊಟ್ಟಿದ್ದರು.

"ಕಂಪ್ಯೂಟರ್ ಬಿಟ್ಟು ಪುಸ್ತಕ ಒಯ್ದಾನ್ರಿ. ನಮ್ಮ ಹುಡುಗ್ರಂತೂ ಅಲ್ಲ."

ಇನ್‌ಸ್ಪೆಕ್ಟರ್ ರಘೋತ್ತಮ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದ. ಶಾಲೆಯ ಪಕ್ಕದ ಮನೆಯ ಜ್ಯೋತಿ ಹಿಂದಿನ ಸಂಜೆ ದನಿ ಕೇಳಿದ್ದಳು.

"ಏನು ಕೇಳಿಸ್ತು?"

"ಪದ್ಯ ಓದೋದು. ಒಂದು ಸಾಲು ಹೇಳೋದು, ಸುಮ್ಮನಾಗೋದು. ಆಮ್ಯಾಲ ನಡುವಿಂದು ಬಿಟ್ಟು ಮುಂದಿಂದು. ನನ್ನ ಮಗಳಿಗೂ ಅದ ಪದ್ಯ ಐತ್ರಿ, ಅದಕ್ಕ ಗೊತ್ತಾತು."

ಬಿಟ್ಟ ಸಾಲನ್ನು ಇನ್ನೊಬ್ಬ ಮೆಲ್ಲಗೆ ಹೇಳಿರಬೇಕೆಂದು ಊಹಿಸಿ ರಘೋತ್ತಮ ಆರೋಪಿಗಳು ಇಬ್ಬರು ಎಂದು ಗುರುತು ಹಾಕಿಕೊಂಡ. ಆದರೆ ಪಂಚನಾಮೆಯ ವೇಳೆ ಸೀಮೆಸುಣ್ಣದ ಧೂಳಿನಲ್ಲಿ ಕಂಡದ್ದು ಒಬ್ಬನದೇ ಹೆಜ್ಜೆ. ಬೆಂಚಿನ ಒಂದು ತುದಿಯಲ್ಲಿ ಕೂತ ಗುರುತು. ಪಕ್ಕದ ಜಾಗವನ್ನು ಒರೆಸಿ ಖಾಲಿ ಬಿಡಲಾಗಿತ್ತು.

ಹೆಡ್ ಕಾನ್‌ಸ್ಟೆಬಲ್ ಉಚ್ಚಂಗೆಮ್ಮ ಹಿಂದೆ ಬಳ್ಳಾರಿ ಜೈಲಿನಲ್ಲಿ ಕಾವಲಿಗಿದ್ದವರು.

"ಸರ್, ಇದು ಜೈಲಿನ ಓದು. ಅಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದೋರಿಗೆ ಇಬ್ಬರಿಗೊಂದು ಪುಸ್ತಕ. ಒಂದು ಸಾಲು ಇವ, ಮುಂದಿಂದು ಅವ. ಹಂಗ ಬಾಯಿಪಾಠ ಮಾಡ್ತಾರ."

ಮಧ್ಯಾಹ್ನ ಇಬ್ಬರೂ ಬಳ್ಳಾರಿಯಲ್ಲಿದ್ದರು. ಜೈಲಿನ ತರಗತಿಯಲ್ಲಿ ಜೀವಾವಧಿ ಕೈದಿ ಸಿದ್ದಲಿಂಗೇಶ್ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತಿದ್ದ.

"ನಿನ್ನ ಜೋಡಿ ಯಾರು?"

"ರಾರಾವಿ ಕೊಟ್ಟೂರಪ್ಪ. ಶಿಕ್ಷೆ ಮುಗೀತಂತ ಹ್ವಾದ ವಾರ ಬಿಟ್ರು. ಇಬ್ರೂ ಕೂಡೇ ಪಾಸಾಗೋಣು ಅಂದಿದ್ವಿ. ಪರೀಕ್ಷಿ ತನಕ ಇಟ್ಕೊಳ್ರಿ ಅಂತ ಕೇಳಿದ. ಇದೇನು ಲಾಡ್ಜ್ ಏನಲೇ ಅಂದ್ರು ಜೈಲರ್ ಸಾಹೇಬ್ರು."

ಸಿರುಗುಪ್ಪ ದಾಟಿ ರಾರಾವಿ ಮುಟ್ಟುವಾಗ ಹೊತ್ತು ಇಳಿದಿತ್ತು. ಕೊಟ್ಟೂರಪ್ಪನ ಅತ್ತಿಗೆ ಗುರುಬಸಮ್ಮ ಹೊಸ್ತಿಲು ದಾಟಲಿಲ್ಲ.

"ಮನ್ಯಾಗ ಬೆಳದ ಹೆಣ್ಮಕ್ಕಳದಾರ್ರಿ. ಒಳಗ ಕರೀಲಿಲ್ಲ. ಹೊಳಿ ಕಡಿ ಹೋದ."

ಹೊಳೆದಂಡೆಯ ಪಂಪ್‌ಸೆಟ್ ಮನೆಯೊಳಗಿಂದ ದನಿ ಬರುತ್ತಿತ್ತು. ಒಂದು ಸಾಲು. ಆಮೇಲೆ ಮೌನ. ದಿನವೂ ಅಜ್ಜನ ಕಾವ್ಯವಾಚನ ಕೇಳಿ ಬೆಳೆದ ರಘೋತ್ತಮನಿಗೆ ಅರ್ಧಕ್ಕೆ ನಿಂತ ಪದ್ಯವನ್ನು ತಾಳಿಕೊಳ್ಳಲಾಗಲಿಲ್ಲ. ಮುಂದಿನ ಸಾಲು ತಾನಾಗಿ ಬಾಯಿಗೆ ಬಂತು.

ಒಳಗಿನಿಂದ ಅದರ ಮುಂದಿನದು ತಕ್ಷಣ ಬಂತು, ಗಟ್ಟಿಯಾಗಿ.

"ಲೇ ಸಿದ್ದ, ಯಾವಾಗ ಬಿಟ್ರಲೇ ನಿನ್ನ?" ಎನ್ನುತ್ತ ಕೊಟ್ಟೂರಪ್ಪ ಹೊರಗೆ ಬಂದ. ಖಾಕಿ ಕಂಡು ನಿಂತ.

ಪಂಚರ ಸಮಕ್ಷಮ ಪುಸ್ತಕ ಜಪ್ತಿಯಾಯಿತು.

"ಬೀಗ ಯಾಕ ಒಡದಿ?"

"ನಮ್ಮ ಪುಸ್ತಕ ಸಿದ್ದನ ಹತ್ರಾನ ಬಿಟ್ಟು ಬಂದೆ. ಕುರುಗೋಡು ತನಕ ಹುಡುಕಿದೆ, ಯಾವ ಅಂಗಡ್ಯಾಗೂ ಸಿಗಲಿಲ್ರಿ."

"ಒಯ್ಯೋದು ಬಿಟ್ಟು ಅಲ್ಲೇ ಯಾಕ ಕುಂತು ಓದಿದಿ?"

"ಬೆಂಚಿತ್ತಲ್ರಿ."

"ನಡುವಿನ ಸಾಲು ಯಾಕ ಬಿಡ್ತಿ?"

"ಅವು ಅವನವು. ನನ್ನ ಬಾಯಾಗ ಬರಂಗಿಲ್ರಿ."

ಸಂಜೆ 6.40ಕ್ಕೆ ಬಂಧನ. ನಿಯಮದಂತೆ ರಘೋತ್ತಮ ಕೇಳಿದ: "ವಿಷಯ ಯಾರಿಗೆ ತಿಳಿಸಬೇಕು?"

ಕೊಟ್ಟೂರಪ್ಪ ಊರಿನ ಕಡೆ ಒಮ್ಮೆ ನೋಡಿದ.

"ಸಿದ್ದಗ ತಿಳಸ್ರಿ. ಬರಾಕತ್ತೀನಿ, ಬೆಂಚಿನ್ಯಾಗ ಜಾಗ ಇಟ್ಟಿರು ಅಂತ."

ರಘೋತ್ತಮ ಹೆಸರು ಬರೆದು, ಸಂಬಂಧ ಎಂಬಲ್ಲಿ 'ಸಹಪಾಠಿ' ಎಂದು ತುಂಬಿದ. ಜೈಲಿನಲ್ಲಿ ವಿಚಾರಣಾಧೀನ ಕೈದಿಗಳ ಬ್ಯಾರಕ್ಕೇ ಬೇರೆ, ಶಿಕ್ಷೆಯಾದವರದೇ ಬೇರೆ. ಉಚ್ಚಂಗೆಮ್ಮನಿಗೆ ಅದು ಗೊತ್ತಿತ್ತು. ಅವರು ಜೀಪಿನ ಬಾಗಿಲು ತೆರೆದು ಹಿಡಿದರು.