ಮಯೂರಿ ಆರಿಸಿದ ಇದ್ದಲಿ ಒಲೆ

"ಮುಟ್ಟಬ್ಯಾಡ್ರಿ! ಬಣ್ಣ ಇನ್ನಾ ಹಸಿ ಅದ!"

ಮಯೂರಿ ಕೈ ಹಿಂದೆಳೆದುಕೊಂಡಳು. ಅಷ್ಟರಲ್ಲಿ ಬೆರಳ ತುದಿ ಕಪ್ಪಾಗಿತ್ತು.

ಹುಮನಾಬಾದಿನ ಆ ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿತ್ತು ಒಲೆ. ನಿಜಾಮನ ಕಾಲದ್ದಂತೆ. ಗಿಡ್ಡ ಕಾಲು, ಪುಟ್ಟ ಕಬ್ಬಿಣದ ಬಾಗಿಲು, ಹಿಂದೆ ಹೊಗೆ ಕೊಳವೆ.

"ಹಳೇ ಒಲಿಗಿ ಹೊಸಾ ಬಣ್ಣ ಯಾಕ್ರಿ? ಬಿರುಕು ಮುಚ್ಚಾಕೇನು?"

ಅಂಗಡಿಯ ಮಚ್ಚೇಂದ್ರ ನಕ್ಕ. "ಮದುವಿಗಿ ಹೊಂಟಾಕಿ ಪೌಡರ್ ಹಚ್ಕೊಂಡ್ರ ಮಾರಿ ಒಡದದ ಅಂತೀರೇನ್ರಿ?"

ಅವಳು ನಗಲಿಲ್ಲ. ಇಷ್ಟು ಚೆಂದ ಮಾತಾಡುವವನನ್ನು ನಂಬುವುದು ಹೇಗೆ?

ಆದರೂ ಮತ್ತೆ ಮತ್ತೆ ಬಂದಳು. ಒಲೆಯನ್ನು ತಟ್ಟಿ ನೋಡಿದಳು, ಬಗ್ಗಿ ನೋಡಿದಳು. ಪ್ರತಿ ಸಲವೂ ಅವನು ಸ್ಟೂಲು ಒರೆಸಿ ಕೂರಿಸಿದ.

ಬಸವಕಲ್ಯಾಣದ ಅವಳ ಮನೆಯಲ್ಲಿದ್ದ ಪಾತ್ರೆ ತವರಿನವರು ಕೊಟ್ಟದ್ದು, ಮಂಚ ಗಂಡ ತಂದದ್ದು. ಅವನು ತೀರಿಕೊಂಡ ಮೇಲೆ ಉಟ್ಟ ಸೀರೆಗಳನ್ನೂ ಯಾರೋ ಆರಿಸಿದ್ದರು. ಚಹಾದಂಗಡಿ ಇಡುತ್ತೇನೆಂದಾಗ, ಒಲೆಯನ್ನಾದರೂ ತಾನೇ ಆರಿಸಬೇಕೆನಿಸಿತ್ತು.

ಕೊನೆಗೂ ಒಲೆ ಮನೆಗೆ ಬಂತು. ಟೆಂಪೋದಿಂದ ಇಳಿಸಿ, ಕೊಳವೆ ಕೂರಿಸಿ ಮಚ್ಚೇಂದ್ರನೆಂದ: "ಐತವಾರ ಬರ್ತೀನ್ರಿ. ಅಲ್ಲೀತನಕ ಒಲಿ ಹಚ್ಚಬ್ಯಾಡ್ರಿ."

"ಯಾಕ?"

"ಸುಮ್ನ... ಹಚ್ಚಬ್ಯಾಡ್ರಿ."

ಅವಳತ್ತ ನೋಡದೆ ಹೊರಟೇ ಹೋದ.

ಯಾಕೆ ಮುಖ ತಪ್ಪಿಸಿದ? ಏನು ಮುಚ್ಚಿಟ್ಟಿದ್ದಾನೆ?

"ಟೋಪಿ ಹಾಕ್ಯಾನ," ಅಂದರು ಅತ್ತೆ ಸೋನುಬಾಯಿ. "ಯಾರನ್ನರ ಗಂಡಸ್ರನ್ನ ಕರಕೊಂಡ್ ಹೋಗು ಅಂದ್ರ ಕೇಳಿದೇನು?"

ಆ ಮಾತು ಚುಚ್ಚಿತು. ಮರುದಿನ ಬೆಳಿಗ್ಗೆಯೇ ಇದ್ದಲಿ ತುಂಬಿ ಒಲೆ ಹಚ್ಚಿದಳು.

ಬಾಗಿಲ ಸಂದಿಯಿಂದ ಒಮ್ಮೆಲೇ ಹೊಗೆ ನುಗ್ಗಿತು! ಅತ್ತೆ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಕೆಂಡದ ಮೇಲೆ ಬೂದಿ ಸುರಿದು, ಕಣ್ಣೊರೆಸಿಕೊಳ್ಳುತ್ತ ಮಯೂರಿ ಮಚ್ಚೇಂದ್ರನಿಗೆ ಫೋನು ಹಚ್ಚಿದಳು.

"ಒಡಕ ಒಲಿ ಕೊಟ್ರಲ್ಲ... ಗಂಡ ಇಲ್ದಾಕಿ, ಏನ್ ಮಾಡ್ಯಾಳು ಅಂತ ತಿಳದ್ರೇನು?"

ಅತ್ತ ಅವನು ಗಾಬರಿಯಾದ.

"ಕಿಡಕಿ ತಗೀರಿ. ಇಬ್ಬರೂ ಹೊರಗ ಇರ್ರಿ. ಬಂದೆ!"

ಅವನು ಬರುವಷ್ಟರಲ್ಲಿ ಒಲೆ ತಣ್ಣಗಾಗಿತ್ತು. ಬಂದವನೇ ಕೊಳವೆ ಕಳಚಿ, ಒಳಗೆ ಕೈ ತೂರಿಸಿ, ಕಮರಿದ ಗೋಣಿಚೀಲವೊಂದನ್ನು ಎಳೆದು ತೆಗೆದ.

"ಟೆಂಪೋದಾಗ ಮಸಿ ಉದರಬಾರದಂತ ಹಿಂಗ ತುರಕತೀವ್ರಿ. ಒಲಿ ಗಟ್ಟಿ ಅದ."

"ಮತ್ತ ಇಳಿಸಿದಾಗ ಯಾಕ ತಗೀಲಿಲ್ಲ?"

ಅವನು ತಲೆ ತಗ್ಗಿಸಿದ.

"ತಗದಿದ್ರ... ಐತವಾರ ನಿಮ್ಮನ್ನ ನೋಡಾಕ ಬರಲಿಕ್ಕಿ ನನಗೇನ್ ನೆವ ಇರ್ತಿತ್ತು?"

ಮಾತಿನ ಅರ್ಥ ಮಯೂರಿಗೆ ತಿಳಿಯಿತು. ಆದರೆ ಮೊದಲು ಬಂದದ್ದು ಸಿಟ್ಟೇ.

"ಹೊಗಿ ಕುಡದು ನಾವು ಸತ್ತಿದ್ರ?"

ಅವನ ಮುಖ ಬಿಳಿಚಿತು. "ತಪ್ಪಾತ್ರಿ. ದೊಡ್ಡ ತಪ್ಪಾತು. ಒಲಿ ವಾಪಸ್ ಒಯ್ತೀನಿ... ಮತ್ತ ಮಾರಿ ತೋರ್ಸಂಗಿಲ್ಲ."

ಎತ್ತಲು ಬಗ್ಗಿದ. ಇನ್ನೊಂದು ತುದಿಯನ್ನು ಅವಳು ಗಟ್ಟಿಯಾಗಿ ಹಿಡಿದಳು.

"ಬಿಡ್ರಿ. ಇದು ನಾ ಆರಿಸಿದ್ದು."

ಅಂಗಳದಿಂದ ಅತ್ತೆಯ ದನಿ ಬಂತು. "ಒಲಿ ನೀ ಆರಿಸಿದಿ. ಇವನ್ನ ಯಾರ್ ಆರಿಸ್ಯಾರ?"

ಮಯೂರಿಗೆ ನಗು ತಡೆಯಲಾಗಲಿಲ್ಲ. ಎಷ್ಟು ಕಾಲವಾಗಿತ್ತು ನಕ್ಕು!

"ಅದನ್ನೂ ನಾನ ನೋಡ್ಕೋತೀನಿ, ಅತ್ತಿ."

ಆಮೇಲೆ ಅವನತ್ತ ತಿರುಗಿ, ಮೆಲ್ಲಗೆ ಹೇಳಿದಳು: "ಐತವಾರ ಬರ್ರಿ. ನೆವ ಏನೂ ತರಬ್ಯಾಡ್ರಿ."

"ಮತ್ತೇನ್ ತರ್ಲಿ?"

"ಇದ್ದಲಿ."