ಕಳ್ಳ ಜೋಡಿಸಿಟ್ಟ ಫೋರ್ಕು

ಸೋಮವಾರ ಬೆಳಿಗ್ಗೆ ಸೂರಜ್ ಕಂಪೌಂಡಿಗೆ ಬಂದು ಬೈಕಿನ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ. ಬೈಕು ಶನಿವಾರ ಬಿಟ್ಟಲ್ಲೇ ಇತ್ತು. ಆದರೆ ಮುಂದಿನ ಚಕ್ರವನ್ನು ಹಿಡಿಯುವ ಹೊಸ ಫೋರ್ಕುಗಳಿರಲಿಲ್ಲ. ಅವುಗಳ ಜಾಗದಲ್ಲಿ ಹಳೆಯ ಸಪೂರ ಫೋರ್ಕುಗಳು, ಹಳೆಯ ಚಕ್ರ. ನಟ್ಟು ಬೋಲ್ಟುಗಳೆಲ್ಲ ಬಿಗಿಯಾಗಿದ್ದವು. ಕಳ್ಳ ಗಾಡಿಯನ್ನು ಒರೆಸಿಯೂ ಇಟ್ಟಿದ್ದ.

ಡೊಂಬಿವಲಿಯ ಆ ಕಟ್ಟಡದಲ್ಲಿ ಏನು ಕಳೆದರೂ ಜನ ಮೊದಲು ತಟ್ಟುವುದು ಕೆಳ ಅಂತಸ್ತಿನ ಜಯಶೀಲರ ಬಾಗಿಲು. ಮೂವತ್ತು ವರ್ಷ ವಿಮಾ ಕಂಪನಿಗಾಗಿ ಗುದ್ದಿದ ಗಾಡಿಗಳನ್ನು ನೋಡಿ, ಮಾಲೀಕರ ಸುಳ್ಳುಗಳನ್ನು ಕೇಳಿ, 2009ರಲ್ಲಿ ನಿವೃತ್ತರಾದವರು. ಅದಾಗಿ ಎರಡು ವರ್ಷವಾಗಿತ್ತು. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ.

"ಮಾಮ, ಚೋರಿ ಆಗಿದೆ. ಉಲ್ಹಾಸನಗರದಿಂದ ಹುಡುಕಿ ತಂದ ಫೋರ್ಕ್. ಬೇರೆ ಮಾಡೆಲಿಂದು, ಡಿಸ್ಕ್ ಬ್ರೇಕ್ ಸಮೇತ. ಹಾಕ್ಸಿ ತಿಂಗಳೂ ಆಗ್ಲಿಲ್ಲ."

"ಹಳೇದು ಎಲ್ಲಿತ್ತು?"

"ಪೂವಪ್ಪನ ಗ್ಯಾರೇಜಲ್ಲಿ. ಅವನೇ ಚೋರ್. ಮೇಲಿನ ಮಾಳಿಗೆಯ ಲೀಲಾಧರಣ್ಣ ಆ ಫೋರ್ಕ್ ನನಗೆ ಕೊಡು ಅಂತ ಅವನ ಹಿಂದೆ ಬಿದ್ದಿದ್ರು. ಅವರಿಗೆ ಮಾರಿರ್ತಾನೆ."

"ನೀನೆಲ್ಲಿದ್ದೆ?"

"ಎರಡು ದಿನ ಸೀವುಡ್ಸಲ್ಲಿ. ಚಿಕ್ಕಪ್ಪನ ಮಗಳು ಪ್ರೇಕ್ಷಾಳ ಎಂಗೇಜ್‌ಮೆಂಟ್. ಅಮ್ಮ ಮೊಣಕಾಲು ನೋವು ಅಂತ ಬರ್ಲಿಲ್ಲ."

ಕಾವಲುಗಾರ ಚಂದ್ರಾಮ ಕಲಬುರಗಿಯವನು, ಮುಚ್ಚಿಡುವ ಪೈಕಿಯಲ್ಲ. "ನಿನ್ನೆ ಮುಂಜಾನಿ ಪೂವಪ್ಪನೇ ಗಾಡಿ ದೂಡ್ಕೊಂಡು ಹೋದ್ರಿ. ಸಂಜಿ ಮುಂದ ತಂದು ನಿಲ್ಸ್ಯಾನ. ಹ್ಯಾಂಡಲ್ ಲಾಕ್ ಇರಲಿಲ್ರೀ."

ಅದು ನಿಜವಿರಬಹುದು. ಬೇರೆ ಮಾಡೆಲಿನ ಫೋರ್ಕು ಕೂರಿಸಿದ ಮೇಲೆ ಆ ಬೈಕಿಗೆ ಹಳೆಯ ಲಾಕು ಬೀಳುತ್ತಿರಲಿಲ್ಲ.

"ನಾಲ್ಕು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೇನೆ," ಎಂದ ಸೂರಜ್.

ಜಯಶೀಲರಿಗೆ ಇರುಸುಮುರುಸಾಯಿತು. ಪೂವಪ್ಪನ ತಗಡಿನ ಗ್ಯಾರೇಜು ಸೊಸೈಟಿಯ ಗೋಡೆಗೆ ಆತುಕೊಂಡು, ಸೊಸೈಟಿಯವರ ದಯೆಯಲ್ಲಿ ಹದಿನಾಲ್ಕು ವರ್ಷದಿಂದ ನಿಂತಿತ್ತು. ಒಂದು ಕೇಸು ಬಿದ್ದರೆ ಗಂಟುಮೂಟೆ ಕಟ್ಟಬೇಕಾದೀತು.

ಅವರು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಹಳೆಯ ಫೋರ್ಕು — ಆದರೆ ಆಯಿಲ್ ಸೀಲು ಹೊಸದು. ಎಣ್ಣೆಯ ಜಿನುಗಿಲ್ಲ. ಎದ್ದು, ಬ್ರೇಕು ಹಿಡಿದು, ಹ್ಯಾಂಡಲನ್ನು ಕೆಳಕ್ಕೆ ಒತ್ತಿದರು. ಟಕ್. ಇನ್ನೊಮ್ಮೆ ಒತ್ತಿದರು. ಟಕ್. ಅಗತ್ಯವಿಲ್ಲದಿದ್ದರೂ ಮೂರನೆಯ ಸಲ ಒತ್ತಿ, ಪೂವಪ್ಪನಲ್ಲಿಗೆ ನಡೆದರು.

"ಫೋರ್ಕ್ ಬಿಚ್ಚಿದ್ದು ನೀನಾ?"

"ಹೌದು ಸರ್."

"ಲೀಲಾಧರನಿಗೆ ಮಾರಿದ್ಯಾ?"

"ಇಲ್ಲ."

"ಮತ್ತೆಲ್ಲುಂಟು?"

ಪೂವಪ್ಪ ಸ್ಪ್ಯಾನರು ಒರೆಸುತ್ತ ನಿಂತ. "ನಾನು ಕದ್ದಿಲ್ಲ. ಪೊಲೀಸ್ ಬಂದ್ರೂ ಇಷ್ಟೇ ಹೇಳುದು."

"ಸೀಲ್ ಹೊಸದು ಹಾಕಿದ್ದಿ. ಟಕ್ ಅನ್ನುವ ಒಳಗಿನ ಬುಷ್ ಯಾಕೆ ಹೊಸದು ಹಾಕ್ಲಿಲ್ಲ?"

ಇಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದವನು ಈಗ ತಲೆ ತಗ್ಗಿಸಿದ. "ಮರ್ತು ಹೋಯ್ತು."

ದಾರಿಯಲ್ಲಿ ಹೋಗುವವರ ಬೈಕಿನ ಚೈನು ಸಡಿಲಿದ್ದರೂ ಕೂಗಿ ನಿಲ್ಲಿಸುವ ಮನುಷ್ಯ, ಬುಷ್ ಮರೆತನಂತೆ! ಜಯಶೀಲರಿಗೆ ನಗು ಬಂತು, ಬೆನ್ನಿಗೇ ಸಂಕಟವೂ ಆಯಿತು.

ಮೂರು ಗಂಟೆಗೆ ಅವರು ಎರಡನೆಯ ಮಾಳಿಗೆ ಹತ್ತಿದರು. ಸೂರಜ್ ಆ ದಿನ ಕೆಲಸಕ್ಕೆ ಹೋಗದೆ ದೂರು ಬರೆಯುತ್ತ ಕುಳಿತಿದ್ದ. ತಾಯಿ ಮೋಹಿನಿ ಅಡುಗೆಮನೆಯ ಬಾಗಿಲಲ್ಲಿದ್ದರು.

"ಬರೆಯುದು ನಿಲ್ಸು ಮಗಾ. ಕದ್ದವನು ಮಾರಿ ಹಣ ಮಾಡ್ತಾನೆ, ಗಾಡಿಯನ್ನು ಇಟ್ಟಿಗೆ ಮೇಲೆ ಬಿಟ್ಟು ಓಡ್ತಾನೆ. ಇವನು ಹಳೇದನ್ನು ಜೋಡಿಸಿ, ಹೊಸ ಸೀಲ್ ಹಾಕಿದ್ದಾನೆ. ಯಾಕೆ?"

"ನನಗೆ ಗೊತ್ತಾಗದಿರಲಿ ಅಂತ."

"ಫೋರ್ಕ್ ನೋಡಿದ್ರೆ ಗೊತ್ತಾಗುದಿಲ್ವಾ? ಕೇಳು. ಸೀಲ್ ಬದಲಿಸ್ಬೇಕಾದ್ರೆ ಫೋರ್ಕ್ ಪೂರ್ತಿ ಬಿಚ್ಚಬೇಕು. ಸವೆದ ಬುಷ್, ಒಳಗಿನ ಬಳೆ, ಆಗ ಕೈಗೇ ಬರ್ತದೆ. ಟಕ್ ಟಕ್ ಅನ್ನುದು ಅದೇ. ಪೂವಪ್ಪ ಅದನ್ನು ಕೈಯಲ್ಲಿ ಹಿಡಿದು, ಪುನಃ ಹಾಗೇ ಒಳಗಿಟ್ಟಿದ್ದಾನೆ. ಅಂದ್ರೆ, ಎಲ್ಲ ಸರಿ ಮಾಡು, ಆ ಶಬ್ದ ಮಾತ್ರ ಇರ್ಲಿ ಅಂತ ಯಾರೋ ಹೇಳಿದ್ದಾರೆ."

"ಶಬ್ದ ಯಾರಿಗೆ ಬೇಕು ಮಾಮ?"

ಜಯಶೀಲರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಸೂರಜನ ತಂದೆ, ಅವರ ಗೆಳೆಯ ದಯಾನಂದ, ಕಲ್ಯಾಣದ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ. ಊಟದ ಗಿರಾಕಿಗಳು ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲಿನವರಿಗೆ ಸಿಗುವ ಎರಡು ಗಂಟೆಯ ಬಿಡುವಿನಲ್ಲಿ, ಮೂರೂವರೆಗೆ, ಅವನ ಬೈಕು ಗೇಟಿನ ಗಟಾರದ ಚಪ್ಪಡಿ ದಾಟಿದರೆ ಟಕ್ ಟಕ್. ಮೋಹಿನಿ ಚಹಾಕ್ಕೆ ನೀರಿಡುತ್ತಿದ್ದದ್ದೇ ಆಗ. ಇಪ್ಪತ್ತು ವರ್ಷ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಅದೇ ಗಲ್ಲೆ, ಅದೇ ಬಿಡುವು, ಅದೇ ಬೈಕು — ಬರುವವನು ಮಗ.

"ನಾನೇ ಬೆಳಿಗ್ಗೆ ಮೂರು ಸಲ ಒತ್ತಿ ಕೇಳಿದೆ," ಎಂದರು. "ಗೆಳೆಯನಿಗೇ ಹಾಗಾದ್ರೆ... ಮೋಹಿನಿಯಕ್ಕ, ಹೊಸ ಫೋರ್ಕ್ ಈ ಮನೆಯಲ್ಲೇ ಉಂಟಲ್ವಾ?"

ಮೋಹಿನಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಮಂಚದ ಅಡಿಯಲ್ಲಿ. ಪೂವಪ್ಪನ ಬಾಯಿ ಕಟ್ಟಿದ್ದು ನಾನೇ. ಪೊಲೀಸ್ ತನಕ ಹೋಗ್ತದೆ ಅಂತ ಗೊತ್ತಿರ್ಲಿಲ್ಲ. ಹೇಳ್ಲಿಕ್ಕೆ ನಾಚಿಕೆ ಆಯ್ತು." ಮಗನ ಕಡೆ ತಿರುಗಿದರು. "ಬರುದು ನೀನೇ ಅಂತ ಗೊತ್ತುಂಟು ಮಗಾ. ಆದ್ರೂ ಆ ಶಬ್ದ ಕೇಳಿದ ಮೇಲೆ ನೀನು ಎರಡು ಮಾಳಿಗೆ ಹತ್ತಿ ಬರ್ಲಿಕ್ಕೆ ಸ್ವಲ್ಪ ಹೊತ್ತು ಹಿಡೀತದಲ್ಲ? ಅಷ್ಟು ಹೊತ್ತು ಅವರು ಇರ್ತಾರೆ."

ಸೂರಜ್ ಬರೆದ ಕಾಗದವನ್ನು ಮಡಚಿದ.

"ಹೊಂಡಕ್ಕೆ ಕೈ ನೋಯ್ತದೆ ಅಂತ ನಿನಗೆ ಹೇಳಿದ್ದೆ, ಅದಕ್ಕೆ ಫೋರ್ಕ್ ಬದಲಿಸಿದ್ದಲ್ಲ ಅಮ್ಮ," ಎಂದ. "ದಿನಾ ಬಾಗಿಲು ತೆಗೀವಾಗ ನಿನ್ನ ಮುಖದಲ್ಲಿ ನಗು ಇರ್ತಿತ್ತು. ನನ್ನನ್ನು ನೋಡಿದ ಕೂಡ್ಲೇ ಇಳೀತಿತ್ತು. ಎರಡು ವರ್ಷ ನೋಡಿದೆ. ಆಮೇಲೆ ಆಗ್ಲಿಲ್ಲ."

ಇದು ಮೋಹಿನಿಗೆ ಗೊತ್ತಿರಲಿಲ್ಲ. ಜಯಶೀಲರಿಗೂ ಹೊಳೆದಿರಲಿಲ್ಲ; ಬಿಡಿಸಿದೆನೆಂದುಕೊಂಡ ಗಂಟಿನ ಅರ್ಧ ಹಾಗೇ ಉಳಿದಿತ್ತೆಂದು ಈಗ ಅರ್ಥವಾಯಿತು.

ಆಕೆ ಒಳಗೆ ಹೋದರು. ಮಂಚದ ಅಡಿಯಿಂದ ಗೋಣಿಚೀಲ ಎಳೆಯುವ ಸದ್ದು ಕೇಳಿಸಿತು. ಸೂರಜ್ ಎದ್ದು ಹೋಗಿ ಅದನ್ನು ಕೈಗೆ ತೆಗೆದುಕೊಂಡ.

"ಪೂವಪ್ಪನಿಗೆ ಕೊಡು," ಎಂದರು ಮೋಹಿನಿ. "ಹೊಸದೇ ಹಾಕ್ಲಿ. ಮೊದಲು ಅವನ ಹತ್ರ ಮಾಫಿ ಕೇಳು, ನನ್ನದೂ ಸೇರ್ಸಿ."

"ಬೇಡ ಅಮ್ಮ. ಹಳೇದೇ ಇರ್ಲಿ."

"ಹಾಕ್ಸು." ಅವರು ಅವನ ಮುಖವನ್ನೇ ನೋಡುತ್ತಿದ್ದರು. "ಮತ್ತೆ ನಾಳೆಯಿಂದ ಹೋಟೆಲಿಂದ ಹೊರಡುವಾಗ ಫೋನ್ ಮಾಡು ಮಗಾ. ಬರುದು ನೀನು ಅಂತ ನನಗೆ ಮೊದಲೇ ಗೊತ್ತಿರ್ಬೇಕು."