ಅಳಿಸಿಹೋದ ಹದಿನಾಲ್ಕು ಕನ್ನಡಕಗಳು

"ನನ್ನ ಕನ್ನಡಕಗಳೆಲ್ಲ ಎಲ್ರೀ ಹೋದ್ವು?!"

ಜೆರಾಕ್ಸ್ ಅಂಗಡಿಯ ಬಾಗಿಲಲ್ಲಿ ಪಿಯಾನೋ ವಾದಕ ಏದುಸಿರು ಬಿಡುತ್ತಾ ನಿಂತಿದ್ದ. ಕೈಯಲ್ಲಿ ಅಂಗಡಿಯ ಹುಡುಗಿ ಆಗಷ್ಟೇ ಪ್ರತಿ ತೆಗೆದುಕೊಟ್ಟಿದ್ದ ಸಂಗೀತದ ಹಾಳೆಗಳು.

"ಪ್ರತಿ ತೆಗೆಯೋ ಮೊದ್ಲೇ ಅಳಿಸಿ ಹಾಕ್ದೆ! ಹದಿನಾಲ್ಕನ್ನೂ!" ಅವಳು ರಬ್ಬರ್ ಎತ್ತಿ ತೋರಿಸಿದಳು.

ಪಾಪ, ಅವಳ ಸಂಕಟ ಅವಳಿಗೆ. ಮೂರು ತಿಂಗಳಿಂದ ಅವನು ಬಂದಾಗಲೆಲ್ಲ ಯಂತ್ರಕ್ಕಿಂತ ಅವಳ ಎದೆಯೇ ಹೆಚ್ಚು ಸದ್ದು ಮಾಡುತ್ತಿತ್ತು. ಸಂಗೀತ ಓದಲು ಮಾತ್ರ ಬಾರದು. ಮೊದಲ ದಿನವೇ ಹಾಳೆಯಲ್ಲಿ ಎರಡು ಎಫ್ ಕಂಡು, "ಎರಡು ಸಲ ಫೇಲಾ? ಬೇಜಾರ್ ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿದ್ದಳು. ಅದು 'ತುಂಬಾ ಜೋರಾಗಿ ನುಡಿಸು' ಎಂಬ ಗುರುತೆಂದು ಅವನು ಹೇಳಲೇ ಇಲ್ಲ. ಅವಳು ಮರುಗಿದ್ದು ಅವನಿಗೆ ಅಷ್ಟು ಹಿಡಿಸಿತ್ತು!

ಆದರೆ ಇವತ್ತು? ಹಾಳೆಗಳ ತುಂಬ ಪೆನ್ಸಿಲ್ಲಿನ ಕನ್ನಡಕ! ಒಂದರ ಪಕ್ಕ ಕಮಾನು, ಅದರೊಳಗೊಂದು ಚುಕ್ಕಿ... ಕಣ್ಣು ಹೊಡೆದ ಹಾಗೆ!

'ನನ್ನ ದಪ್ಪ ಕನ್ನಡಕ ನೋಡಿ ಮನೇಲಿ ಅಣ್ಣ ಸೋಡಾ ಗ್ಲಾಸ್ ಅನ್ನೋದು ಸಾಲದಾ? ಇವನೂ ನನ್ನ ಆಡ್ಕೊಳ್ತಾನಾ...'

"ಕನ್ನಡಕ ಅಂದ್ರೆ 'ಇಲ್ಲಿ ಕಷ್ಟ ಇದೆ, ಕಣ್ಬಿಟ್ಟು ನೋಡು' ಅಂತ!" ಅವನು ಹಣೆ ಚಚ್ಚಿಕೊಂಡ. "ನುಡಿಸೋರೆಲ್ಲ ಹಾಗೇ ಬರ್ಕೊಳ್ಳೋದು. ಕಮಾನು, ಚುಕ್ಕಿ ಇದ್ರೆ ಸ್ವರಾನ ಎಳೀಬೇಕು ಅಂತ. ಎದುರು ಹಾಲ್‌ನಲ್ಲಿ ಇನ್ನು ಐದೇ ನಿಮಿಷಕ್ಕೆ ನನ್ನ ಪರೀಕ್ಷೆ. ವಾದ್ಯವೃಂದದಲ್ಲಿ ಖಾಲಿ ಇರೋದು ಒಂದೇ ಜಾಗ!"

ಅವನು ಆಡಿಕೊಂಡಿರಲಿಲ್ಲ, ಸರಿ... ಆದರೆ ಅವಳ ನೆನಪಲ್ಲಿ ಬರೆದದ್ದೂ ಅಲ್ಲ! ಅದೇ ಅವಳನ್ನು ಹೆಚ್ಚು ನೋಯಿಸಿತು.

"ನಡೀರಿ! ಪುಟ ತಿರುಗಿಸೋಕೆ ನಾನು ಕೂತ್ಕೊಳ್ತೀನಿ. ಒಂದೊಂದನ್ನೂ ಸಿಟ್ಟಲ್ಲಿ ಉಜ್ಜಿದ್ದೀನಿ, ಸತ್ರೂ ಮರೆಯಲ್ಲ!"

ಹಾಲ್‌ನಲ್ಲಿ ಮೂವರು ಪರೀಕ್ಷಕರು. ಅವನು ತಲೆಯಾಡಿಸಿದಾಗ ಅವಳು ಪುಟ ತಿರುಗಿಸುತ್ತಿದ್ದಳು. ಕೂಡಲೇ ಅವಳ ಬೆರಳು ಅಳಿಸಿದ ಜಾಗಕ್ಕೆ ಓಡುತ್ತಿತ್ತು. ಹದಿಮೂರು ಕಡೆಯೂ ಅವನು ಎಡವಲಿಲ್ಲ.

ಕೊನೆಯ ಪುಟ... ಹದಿನಾಲ್ಕನೆಯದರ ಮೇಲೆ ಬೆರಳಿಟ್ಟಳು. ಅವನು ಕೈಯೆತ್ತಿ, ಸುಮ್ಮನೆ ಅವಳನ್ನೇ ನೋಡುತ್ತಾ ಕೂತ!

ಅಯ್ಯೋ, ಮರೆತೇಬಿಟ್ಟನಾ?

"ನುಡಿಸ್ರೀ!" ಅವಳ ಪಿಸುಮಾತು ಪರೀಕ್ಷಕರಿಗೂ ಕೇಳಿಸಿತು. ಮೂವರೂ ನಕ್ಕರು. ಅವನೂ ನಕ್ಕು, ಉಳಿದದ್ದನ್ನು ನುಡಿಸಿ ಮುಗಿಸಿದ.

ಕೆಲಸ ಸಿಕ್ಕಿತು! ಹೊರಗೆ ಬಂದದ್ದೇ ಅವಳು ಅವನ ಮೇಲೆ ರೇಗಿದಳು.

"ಕೊನೇಲಿ ಯಾಕ್ರೀ ನಿಲ್ಸಿದ್ರಿ? ಜೀವ ಬಾಯಿಗೆ ಬಂದಿತ್ತು!"

"ಅಲ್ಲಿ ನುಡಿಸೋದೇ ಇಲ್ಲ ಕಣ್ರೀ. ನಾಲ್ಕು ಎಣಿಸೋವರೆಗೂ ಸುಮ್ನಿರ್ಬೇಕು."

"ಸುಮ್ನಿರೋಕೆ ಏನು ಕಷ್ಟ? ಕನ್ನಡಕ ಯಾಕೆ ಅಲ್ಲಿ?"

ಅವನ ಕಿವಿಗಳು ಕೆಂಪಾದವು.

"ಹದಿಮೂರು ಕನ್ನಡಕ ಕಷ್ಟದ ಜಾಗಕ್ಕೆ... ಅದೊಂದು ಮಾತ್ರ ನಿಮ್ದು. ಆ ಬಿಡುವಲ್ಲಿ ದಿನಾ ನೀವೇ ನೆನಪಾಗ್ತಿದ್ರಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕನ್ನಡಕ ಒರೆಸಿಕೊಂಡು ಕೊನೆಯ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಅದನ್ನ ಮತ್ತೆ ಬರೀರಿ."

ಅವನು ಜೇಬಿನಿಂದ ಪೆನ್ಸಿಲ್ ತೆಗೆದ.

"ಊಹೂಂ," ಅವಳು ತಲೆಯಾಡಿಸಿದಳು. "ಈ ಸಲ ಪೆನ್ನಲ್ಲಿ!"